ಲಡ್ಡು ಸತ್ತ ಕಾರಣ

ಫೆಬ್ರವರಿ 1, 2025, ಶನಿವಾರ

ಸೊಸೆ ಹರ್ಷದಾ ಬೆಳಿಗ್ಗೆ ರಾಯಚೂರಿಗೆ ಹೋದಳು. ಅವಳ ತಾಯಿಗೆ ಕಣ್ಣಿನ ಆಪರೇಷನ್, ಮೂರು ವಾರ ಅಲ್ಲೇ. ಹೋಗುವ ಮುನ್ನ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾಳೆ: ‘ಮಾಮಾ ಅವರಿಗೆ. ಲಡ್ಡೂನ ಕಾಳಜಿ.’ ಒಟ್ಟು ಹನ್ನೊಂದು ಅಂಶ. ಲಡ್ಡು ಅಂದರೆ ಅವಳ ಮೀನು. ಹೊಟ್ಟೆ ಉಬ್ಬಿದ ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್. ಕೊಂಡಾಪುರದ ಹಾಸ್ಟೆಲ್ಲಿನಲ್ಲಿದ್ದು ನೌಕರಿ ಮಾಡುತ್ತಿದ್ದಾಗ ಸಾಕಿದ್ದು, ಈಗ ಆರು ವರ್ಷದ್ದಂತೆ. ಬೇರೆಯವರ ಸೊಸೆಯಂದಿರು ಮದುವೆಯಾಗಿ ಬರುವಾಗ ಪೆಟ್ಟಿಗೆ ತಂದರೆ ನಮ್ಮವಳು ಬಕೆಟ್ಟಿನಲ್ಲಿ ಮೀನು ತಂದಳು.

ನಾಲ್ಕನೆಯ ಅಂಶ ನೋಡಿ ಮೈ ಉರಿಯಿತು. ‘ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು. ಬೋರಿನ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಹಾಕುವುದು. ಬೇರೆ ಯಾವ ನೀರೂ ಬೇಡ.’ ಕೊನೆಯ ಮಾತಿನ ಕೆಳಗೆ ಎರಡು ಗೆರೆ. ನಾಚಾರಂನ ಔಷಧ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನೀರು, ಪುಡಿ, ದ್ರಾವಣ ಪರೀಕ್ಷೆ ಮಾಡಿ, ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದವನಿಗೆ ನೀರಿನ ಪಾಠ! ಹೆಂಡತಿ ಮಂದಾಕಿನಿಗೆ ತೋರಿಸಿದೆ. ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ.

“ಆಕಿ ಮೀನು. ಆಕಿ ಹೇಳಿದ್ಹಂಗ ಮಾಡ್ರಿ. ನಿಮ್ಮ ಶಾಣ್ಯಾತನ ಮೂರು ವಾರ ಬದಿಗಿಡ್ರಿ” ಎಂದು ನಕ್ಕಳು.

ಫೆಬ್ರವರಿ 3, ಸೋಮವಾರ

ನಾಳೆ ರಥಸಪ್ತಮಿ. ನನ್ನ ತಾಮ್ರದ ಕೊಡವನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ನಾನೇ ತಿಕ್ಕಿದೆ. ಈ ಕೊಡವನ್ನು ಮನೆಯಲ್ಲಿ ಇನ್ನೊಬ್ಬರು ಮುಟ್ಟುವಂತಿಲ್ಲ. ಮಂದಾಕಿನಿಯೇ ಸ್ನಾನವಾಗದೆ ಅದರ ಹತ್ತಿರ ಹೋಗುವುದಿಲ್ಲ. ಕೆಲಸದ ಯಮುನಾ ಅಂತೂ ದೇವರ ಮನೆಯ ಹೊಸ್ತಿಲಿನಿಂದ ಆಚೆ. ಮಲಗುವ ಮುನ್ನ ಅದರಲ್ಲಿ ಫಿಲ್ಟರ್ ನೀರು ತುಂಬಿಡುವುದು, ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಎರಡು ಲೋಟ ಕುಡಿಯುವುದು ಅಪ್ಪನ ಕಾಲದಿಂದ ಬಂದ ರೂಢಿ. ಅರವತ್ತೆರಡಾದರೂ ನನಗೆ ಒಂದು ಗುಳಿಗೆಯ ಹಂಗಿಲ್ಲ.

ಹರ್ಷದಾ ಹೇಳಿದಂತೆ ಬೋರಿನ ನೀರು ಹಿಡಿದಿಟ್ಟು ನೋಡಿದೆ. ಬಕೆಟ್ಟಿನ ಅಂಚಿಗೆ ಬಿಳಿಯ ಪದರ ಕಟ್ಟಿತ್ತು. ಇದನ್ನು ನಾನು ಕಾಲು ತೊಳೆಯಲಿಕ್ಕೂ ಒಲ್ಲೆ. ಆ ಮೂಕ ಪ್ರಾಣಿ ಆರು ವರ್ಷದಿಂದ ಇದರಲ್ಲೇ ದಿನ ದೂಡಿದೆ.

ಫೆಬ್ರವರಿ 4, ಮಂಗಳವಾರ

ಎಕ್ಕದ ಎಲೆ ಇಟ್ಟುಕೊಂಡು ಸ್ನಾನ, ಸೂರ್ಯನಿಗೆ ಅರ್ಘ್ಯ, ಎಲ್ಲ ಸಾಂಗವಾಯಿತು. ಕೊಡದಲ್ಲಿ ಮುಕ್ಕಾಲು ನೀರು ಉಳಿದಿತ್ತು. ಚೆಲ್ಲಲು ಮನಸ್ಸಾಗದೆ, ಮೀನಿನ ತೊಟ್ಟಿಯಿಂದ ಅಷ್ಟೇ ನೀರು ತೆಗೆದು ಇದನ್ನು ಸುರಿದೆ. ಹಬ್ಬದ ದಿನ ಅದಕ್ಕೂ ಒಳ್ಳೆಯ ನೀರು ಸಿಗಲಿ.

ಹರ್ಷದಾ ಫೋನು ಮಾಡಿದ್ದಳು. “ನೀರ್ ಚೇಂಜ್ ಮಾಡಿದ್ರಿ, ಮಾಮಾ?” ಎಂದು ಕೇಳಿದಳು. “ಮಾಡೇನವಾ, ಚೊಲೋ ನೀರ ಹಾಕೇನಿ” ಎಂದೆ. ಯಾವ ನೀರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೆಬ್ರವರಿ 6, ಗುರುವಾರ

ಇನ್ನೊಂದು ಕೊಡ ಹಾಕಿದೆ. ನೀರು ಎಷ್ಟು ತಿಳಿಯಾಗಿದೆ ಎಂದರೆ ಆ ಬದಿಯ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು.

ಫೆಬ್ರವರಿ 8, ಶನಿವಾರ

ಏಕಾದಶಿ. ಉಪನಯನವಾದಾಗಿನಿಂದ ಏಕಾದಶಿಯ ದಿನ ಒಂದು ಅಗುಳು ಬಾಯಿಗೆ ಹೋದದ್ದಿಲ್ಲ. ಟೈಫಾಯ್ಡ್ ಆದಾಗಲೂ ಇಲ್ಲ. ಕೊಡದ ನೀರಿನ ಮೇಲೆಯೇ ದಿನ ಕಳೆಯಿತು.

ತೊಟ್ಟಿಯ ಗಾಜಿಗೆ ಅಂಟಿಕೊಂಡು ಓಡಾಡುತ್ತಿದ್ದ ಸಣ್ಣ ಬಸವನಹುಳುಗಳು ಎಲ್ಲ ಉದುರಿ ತಳದಲ್ಲಿ ಬಿದ್ದಿವೆ. ಪೀಡೆ ಹೋಯಿತು, ಗಾಜು ಸ್ವಚ್ಛವಾಯಿತು. ಒಳ್ಳೆಯ ನೀರಿನ ಗುಣ ಇದು. ಮೂರನೆಯ ಕೊಡ ಹಾಕಿದೆ.

ಫೆಬ್ರವರಿ 9, ಭಾನುವಾರ

ಯಮುನಾ ಧೂಳು ಒರೆಸುತ್ತಿದ್ದವಳು ತೊಟ್ಟಿಯ ಮುಂದೆ ನಿಂತುಬಿಟ್ಟಳು.

“ಸಾಹೇಬ್ರ, ಮೀನು ಮ್ಯಾಲ ಬರವಲ್ದು ನೋಡ್ರಿ. ಬರೇ ಬಾಯಿ ತಗದು ಮುಚ್ಚಾಕತ್ತೈತಿ. ನಮ್ಮ ಮೊಮ್ಮಗಳು ತುತ್ತಿಗೆ ಬಾಯಿ ತಗೀತಾಳಲ್ರಿ, ಹಂಗ.”

“ಅದಕ ಥಂಡಿ ಆಗೇದ. ನೀ ನಿನ್ನ ಕೆಲಸ ಮಾಡು” ಎಂದೆ. ಅವಳು ಹೋದ ಮೇಲೆ ನೋಡಿದೆ. ಮೀನು ಮೂಲೆಯಲ್ಲಿ ತಳಕ್ಕೆ ಕೂತಿತ್ತು, ರೆಕ್ಕೆ ಮಡಚಿತ್ತು. ಚೇತರಿಸಿಕೊಳ್ಳಲಿ ಎಂದು ಇನ್ನೊಂದು ಕೊಡ ಹಾಕಿದೆ.

ಫೆಬ್ರವರಿ 10, ಸೋಮವಾರ

ಮೀನು ಸತ್ತಿದೆ. ಬೆಳಿಗ್ಗೆ ಮಂದಾಕಿನಿ ಕೂಗಿದಳು. ಒಂದು ಬದಿಗೆ ಮಗುಚಿ ತೇಲುತ್ತಿತ್ತು. ಮಗ ವಿಶ್ವಜಿತ್ ಆಫೀಸಿಗೆ ಹೊರಟವನು ಶೂ ಹಾಕಿಕೊಂಡೇ ಬಂದು ನೋಡಿ, “ಹರ್ಷದಾಗ ನೀವs ಹೇಳ್ರಿ ಅಪ್ಪಾ, ನನ್ನ ಕಡೆ ಆಗಂಗಿಲ್ಲ” ಎಂದು ಹೋದ.

ಹೇಳುವ ಮೊದಲು ಕಾರಣ ಬೇಕು. ಕಾರಣ ಹುಡುಕುವುದು ನನ್ನ ಕಸುಬೇ. ತೊಟ್ಟಿಯ ನೀರನ್ನು ಒಂದು ಬಾಟಲಿಗೆ ತುಂಬಿ, ಬೂಚು ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. ಆಮೇಲೆ ಆಹಾರ ನೋಡಿದೆ, ಸರಿಯಿತ್ತು. ಗಾಳಿಯ ಯಂತ್ರ ನಡೆಯುತ್ತಿತ್ತು. ಸೊಳ್ಳೆ ಬತ್ತಿ ಆ ಕೋಣೆಯಲ್ಲಿ ಹಚ್ಚುವುದೇ ಇಲ್ಲ. ಉಳಿದದ್ದು ಯಮುನಾಳ ಒರೆಸುವ ಬಟ್ಟೆ. ಅದನ್ನು ಸ್ವಚ್ಛ ನೀರಿನ ಬಾಟಲಿಯಲ್ಲಿ ಹಿಂಡಿ ಅಲುಗಾಡಿಸಿದೆ. ನೊರೆ ಬಂತು, ಬೆರಳುದ್ದ. ಪಾತ್ರೆ ತೊಳೆಯುವ ಸಾಬೂನು. ಸಾಬೂನು ಮೀನಿನ ಕಿವಿರಿಗೆ ವಿಷ ಎಂಬುದು ಯಾರಿಗಾದರೂ ಗೊತ್ತು.

ಹರ್ಷದಾಗೆ ಹೇಳಿದೆ. “ಹೂಂ ಮಾಮಾ” ಎಂದಳು. ಅಳುತ್ತಿದ್ದಳೋ ಏನೋ, ಫೋನಿನಲ್ಲಿ ತಿಳಿಯಲಿಲ್ಲ.

ಫೆಬ್ರವರಿ 11, ಮಂಗಳವಾರ

ಯಮುನಾಳನ್ನು ನಡುಮನೆಯಲ್ಲಿ ನಿಲ್ಲಿಸಿ ವಿಚಾರಿಸಿದೆ.

“ಈ ಗಾಜು ಯಾವ ಬಟ್ಟೀಲೆ ಒರಸತಿ?”

“ಇದರಲೇರಿ. ಹೊರಗಿಂದ ಅಷ್ಟ ಒರಸೀನ್ರಿ ಸಾಹೇಬ್ರ. ಒಳಗ ಕೈ ಹಾಕಿಲ್ರಿ.”

“ಮುಚ್ಚಳ?”

“ಮುಚ್ಚಳದ ಮ್ಯಾಲ ಧೂಳಿತ್ರಿ, ಒರಸೀನಿ. ಮೀನಿಗೆ ನಾ ಯಾಕ್ರಿ ಕೆಟ್ಟದ ಮಾಡ್ಲಿ? ದಿನಾ ಬಂದ ಕೂಡ್ಲೆ ಅದನ್ನ ಮಾತಾಡಸ್ತಿದ್ನಿ.”

“ಕೆಟ್ಟದ ಮಾಡಬೇಕಂತ ಮಾಡಿದಿ ಅಂತ ಅನ್ನವಲ್ಲೆ. ತಿಳೀಲಾರದ ಮಾಡೀದಿ. ಸಾಬೂನಿನ ವಿಷ ಕಣ್ಣಿಗೆ ಕಾಣಂಗಿಲ್ಲ. ಕೈ ತೊಳಕೊಂಡ್ರೂ ಉಗರನ ಸಂದ್ಯಾಗ ಉಳೀತದ, ಚರ್ಮದಾಗ ಕೂಡ್ತದ. ಸಣ್ಣ ಜೀವಕ್ಕ ಒಂದು ಹನಿ ಸಾಕು.”

ಅವಳು ತನ್ನ ಕೈ ತಿರುಗಿಸಿ ನೋಡಿಕೊಂಡಳು. ಹೊಸಬರಿಗೆ ತರಬೇತಿ ಕೊಡುವಾಗ ನಾನು ಹೀಗೆಯೇ ವಿವರಿಸುತ್ತಿದ್ದೆ. ಎಲ್ಲರೂ ಹೀಗೆಯೇ ಕೈ ನೋಡಿಕೊಳ್ಳುತ್ತಿದ್ದರು. ನಾಳೆಯಿಂದ ಬರುವುದು ಬೇಡ ಎಂದೆ. ತಿಂಗಳ ಪೂರಾ ಪಗಾರ ಕೊಟ್ಟೆ, ಅನ್ಯಾಯ ಮಾಡಲಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಒಂದು ಸಂದೇಶ ಹಾಕಿದೆ. ನಮ್ಮ ಕೆಲಸದವಳ ಅಜಾಗರೂಕತೆಯಿಂದ ಸಾಬೂನು ಸೇರಿ ಮೀನು ಸತ್ತಿತು, ನೊರೆಯ ಪರೀಕ್ಷೆಯಲ್ಲಿ ತಿಳಿಯಿತು, ಅವಳು ಹೋಗುವ ಬೇರೆ ಮನೆಗಳಲ್ಲಿ ಕುಡಿಯುವ ನೀರು, ಮಕ್ಕಳ ಪಾತ್ರೆ ಜೋಪಾನ ಎಂದು. ನೂರಾ ನಲವತ್ತು ಮನೆ. ಇಪ್ಪತ್ತಮೂರು ಜನ ಹೆಬ್ಬೆರಳು ತೋರಿಸಿದರು. ಕಮಿಟಿಯ ಶಿವಪ್ರಕಾಶ ಅವರು ‘ಇದು ನಿಜವಾದ ವೈಜ್ಞಾನಿಕ ದೃಷ್ಟಿ’ ಎಂದು ಬರೆದಿದ್ದಾರೆ.

ಮಂದಾಕಿನಿ ಮಾತ್ರ ಊಟಕ್ಕೆ ಬಡಿಸುವಾಗ ಸಾರಿನ ಸೌಟು ಕುಕ್ಕಿದಳು. “ನಾಲ್ಕು ವರ್ಷದಿಂದ ನೋಡೇನಿ. ಆಕಿ ಹಂಗ ಮಾಡೋಕಿ ಅಲ್ಲ.”

“ಬಾಟಲಿ ತುಂಬ ನೊರಿ ಬಂದದ. ನೊರಿ ಸುಳ್ಳು ಹೇಳ್ತದೇನು?” ಎಂದೆ.

ಫೆಬ್ರವರಿ 13, ಗುರುವಾರ

ಮೇಲಿನ ಮಹಡಿಯ ಎರಡು ಮನೆಯವರೂ ಯಮುನಾಳನ್ನು ಬಿಡಿಸಿದರಂತೆ. ಒಂದು ಮನೆಯಲ್ಲಿ ಎಳೆ ಕೂಸಿದೆ, ಅವರಿಗೆ ಭಯ. ನಮ್ಮ ಕಟ್ಟಡದಲ್ಲಿ ಅವಳಿಗೆ ಈಗ ಒಂದು ಮನೆಯೂ ಉಳಿದಿಲ್ಲ. ನಾನು ಬಿಡಿಸಿರೆಂದು ಯಾರಿಗೂ ಹೇಳಿರಲಿಲ್ಲ, ಜೋಪಾನ ಎಂದಷ್ಟೇ ಬರೆದಿದ್ದೆ.

ಮಂದಾಕಿನಿ ಪಾತ್ರೆ ತಿಕ್ಕುತ್ತಿದ್ದಾಳೆ. ಸದ್ದು ಬೇಕೆಂದೇ ಜೋರು ಮಾಡುತ್ತಾಳೆ.

ಫೆಬ್ರವರಿ 17, ಸೋಮವಾರ

ಶನಿವಾರ ಹರ್ಷದಾ ಬರುತ್ತಾಳೆ. ಖಾಲಿ ತೊಟ್ಟಿ ನೋಡಿದರೆ ಮತ್ತೆ ಅಳು. ಅಂಥದ್ದೇ ಒಂದು ಮೀನು ತಂದಿಡೋಣ ಎಂದು ಕೊಂಡಾಪುರದ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಕೌಶಲ್, ಮೂವತ್ತರ ಆಸುಪಾಸು, ಬಾಯಲ್ಲಿ ಸುಪಾರಿ. ಮೀನು ಕೊಡುವ ಮೊದಲು ಹಳೆಯದು ಹೇಗೆ ಸತ್ತಿತು ಹೇಳಿ ಎಂದ. ನಾನು ಸಾಬೂನಿನ ವಿಷಯ, ನೊರೆಯ ಪರೀಕ್ಷೆ ಎಲ್ಲ ಹಿಂದಿಯಲ್ಲಿ ವಿವರವಾಗಿ ಹೇಳಿದೆ. ಅವನು ತಲೆ ಆಡಿಸುತ್ತ ಕೇಳಿ, ತೊಟ್ಟಿಯಲ್ಲಿ ಬಸವನಹುಳು ಇದ್ದವೇ ಎಂದ. ಇದ್ದವು ಎಂದೆ. ಅವು ಮೀನಿಗಿಂತ ಮೊದಲು ಸತ್ತವೋ, ಆಮೇಲೋ?

“ಮೊದಲು. ಎರಡು ದಿನ ಮೊದಲು.”

“ಫಿರ್ ಸಾಬುನ್ ನಹೀಂ, ಅಂಕಲ್. ತಾಂಬಾ ಹೈ” ಎಂದ. ಸಾಬೂನಲ್ಲ, ತಾಮ್ರ. ಬಸವನಹುಳು ಕೊಲ್ಲಲು ತಾನು ಮಾರುವ ಔಷಧವೂ ತಾಮ್ರದ್ದೇ ಎಂದು ಶೀಸೆ ತೋರಿಸಿದ. ಹಳೆಯ ತಾಮ್ರದ ಪೈಪು, ತಾಮ್ರದ ಪಾತ್ರೆ ಏನಾದರೂ ನೀರಿಗೆ ಸೋಕಿತೇ? ಲವಣವಿಲ್ಲದ ಮೆದು ನೀರಾದರೆ ಇನ್ನೂ ಬೇಗ ಎಂದ.

“ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ” ಎಂದುಬಿಟ್ಟೆ. ಯಾಕೆ ಹಾಗೆಂದೆನೋ. ಮೀನು ತರಲಿಲ್ಲ. ತಾಮ್ರ ಪರೀಕ್ಷಿಸುವ ಪುಟ್ಟ ಪೆಟ್ಟಿಗೆ ಇತ್ತು, ಅದನ್ನು ತಂದೆ.

ಫೆಬ್ರವರಿ 18, ಮಂಗಳವಾರ

ಮಂದಾಕಿನಿ ಗುಡಿಗೆ ಹೋಗುವವರೆಗೆ ಕಾದು, ಅಡುಗೆ ಕಟ್ಟೆಯ ಮೇಲೆ ನಾಲ್ಕು ಸಣ್ಣ ಗಾಜಿನ ನಳಿಗೆ ಇಟ್ಟೆ. ಪೆಟ್ಟಿಗೆಯಲ್ಲಿದ್ದ ದ್ರಾವಣದ ಹನಿ ಹಾಕಿದರೆ ತಾಮ್ರ ಇದ್ದಷ್ಟೂ ನೀಲಿ.

ಬೋರಿನ ನೀರು: ಬಣ್ಣವಿಲ್ಲ.
ಫಿಲ್ಟರ್ ನೀರು: ಬಣ್ಣವಿಲ್ಲ.
ಹತ್ತನೆಯ ತಾರೀಖಿನ ತೊಟ್ಟಿಯ ನೀರು, ಬೂಚು ಹಾಕಿಟ್ಟದ್ದು: ನೀಲಿ.
ನನ್ನ ಕೊಡದ ನೀರು: ಕಡು ನೀಲಿ.

ಎರಡು ಸಲ ಮಾಡಿದೆ. ಮೂರನೆಯ ಸಲವೂ ಮಾಡಿದೆ.

ಫೆಬ್ರವರಿ 19, ಬುಧವಾರ

ಇಂದು ಕೊಡದ ನೀರು ಕುಡಿಯಲಿಲ್ಲ. ಮಂದಾಕಿನಿ ಯಾಕೆಂದು ಕೇಳಿದಳು. ಹಲ್ಲು ನೋವು ಎಂದೆ.

ಫೆಬ್ರವರಿ 20, ಗುರುವಾರ

ಈ ದಿನಚರಿಯನ್ನು ಮೊದಲಿನಿಂದ ಓದಿದೆ. ಓದಿದ್ದು ಯಾಕೆಂದು ಇಲ್ಲಿಯಾದರೂ ನಿಜ ಬರೆಯಬೇಕು: ಯಮುನಾಬಾಯಿ ಏನಾದರೂ ಮಾಡಿದ್ದು ಸಿಗುತ್ತದೆಯೇ ಎಂದು ಹುಡುಕಿದೆ. ಕಂಚು ತಾಮ್ರ ತೊಳೆದ ನೀರು ಚೆಲ್ಲಿದ್ದು, ಏನಾದರೂ. ಸಿಕ್ಕಿದ್ದು ನಾನೇ. ನಾಲ್ಕನೆಯ ತಾರೀಖು ಒಂದು ಕೊಡ, ಆರಕ್ಕೆ ಒಂದು, ಎಂಟಕ್ಕೆ ಒಂದು, ಒಂಬತ್ತಕ್ಕೆ ಒಂದು. ಎಲ್ಲ ನನ್ನದೇ ಅಕ್ಷರ, ಒಂದೊಂದರ ಜೊತೆಗೂ ಜಂಬ. ಹುಳಿ ಹಚ್ಚಿ ತಿಕ್ಕಿದ ತಾಮ್ರದಲ್ಲಿ ಫಿಲ್ಟರಿನ ಮೆದು ನೀರು ಇಟ್ಟರೆ ಏನಾಗುತ್ತದೆ ಎಂದು ಹತ್ತು ವರ್ಷ ಹೊಸಬರಿಗೆ ಕಲಿಸಿದವನು ನಾನು. ಬಸವನಹುಳು ಉದುರಿದಾಗ ಖುಷಿಪಟ್ಟಿದ್ದೇನೆ. ಮೀನು ಉಸಿರಿಗೆ ಒದ್ದಾಡುತ್ತಿದೆ ಎಂದು ಯಮುನಾಬಾಯಿ ಹೇಳಿದ ಮೇಲೆ ಇನ್ನೊಂದು ಕೊಡ ಸುರಿದಿದ್ದೇನೆ. ಮನೆಯಲ್ಲಿ ಅವರು ಒಂದು ಸಲವೂ ಮುಟ್ಟದ ವಸ್ತು ಆ ಕೊಡ. ನಾನೇ ಮುಟ್ಟಗೊಟ್ಟಿಲ್ಲ.

ಇನ್ನೊಂದಿದೆ. ಹತ್ತನೆಯ ತಾರೀಖು ಒರೆಸುವ ಬಟ್ಟೆಯ ನೀರು ಮಾತ್ರವಲ್ಲ, ತೊಟ್ಟಿಯ ನೀರನ್ನೂ ಅಲುಗಾಡಿಸಿ ನೋಡಿದ್ದೆ. ನೊರೆ ಬರಲಿಲ್ಲ. ಒಂದು ಗುಳ್ಳೆಯೂ ಬರಲಿಲ್ಲ. ಅದನ್ನು ಇಲ್ಲಿ ಬರೆಯಲಿಲ್ಲ. ಮರೆತದ್ದಲ್ಲ.

ಕಾರ್ಖಾನೆಯಲ್ಲಿ ಮಾಲು ಕೆಟ್ಟಾಗ ತುಂಬುವ ಫಾರ್ಮಿನಲ್ಲಿ ‘ಕಾರಣ’ ಎಂಬ ಚೌಕವಿತ್ತು. ಅರ್ಧಕ್ಕರ್ಧ ಫಾರ್ಮುಗಳಲ್ಲಿ ‘ಕೆಲಸಗಾರನ ನಿರ್ಲಕ್ಷ್ಯ’ ಎಂದು ಬರೆದು ಸಹಿ ಮಾಡಿದ್ದೇನೆ. ಅವುಗಳಲ್ಲಿ ಎಷ್ಟರಲ್ಲಿ ಬರದ ನೊರೆ ಇತ್ತೋ ನೆನಪಿಸಿಕೊಳ್ಳಲು ಧೈರ್ಯವಿಲ್ಲ.

ಹಾಳೆಗಳನ್ನು ಹರಿದುಬಿಡೋಣ ಎನ್ನಿಸಿತು. ನಾಲ್ಕು ಹಾಳೆ. ಹೊಲಿಗೆಯ ಹತ್ತಿರ ಹಿಡಿದೂ ಆಗಿತ್ತು. ಲಾಗ್ ಬುಕ್ಕಿನ ಹಾಳೆ ಹರಿದವನನ್ನು ನಾನು ಕೆಲಸದಿಂದ ತೆಗೆಸುತ್ತಿದ್ದೆ. ಬಿಟ್ಟೆ.

ಫೆಬ್ರವರಿ 21, ಶುಕ್ರವಾರ

ಹೇಳಲಿಲ್ಲ.

ಫೆಬ್ರವರಿ 22, ಶನಿವಾರ

ಹರ್ಷದಾ ಬಂದಳು. ಕೈಕಾಲು ತೊಳೆದು ಬಂದು ಖಾಲಿ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂತಳು. ನಾನು ಪೇಪರ್ ಹಿಡಿದಿದ್ದೆ, ಒಂದಕ್ಷರ ಓದಲಿಲ್ಲ. ಆಮೇಲೆ ಅವಳೇ ನನ್ನ ಹತ್ತಿರ ಬಂದು ಬೆತ್ತದ ಮೋಡಾ ಎಳೆದುಕೊಂಡು ಕೂತಳು.

“ಬ್ಯಾಸರ ಮಾಡಕೋಬ್ಯಾಡ್ರಿ ಮಾಮಾ. ನೀವು ಭಾಳ ಕಾಳಜಿ ಮಾಡಿರ್ತೀರಿ, ನನಗ ಗೊತ್ತದ. ಯಮುನಾಬಾಯಿ ಹಂಗ ಮಾಡ್ತಾಳಂತ ನಾನೂ ಅನ್ಕೊಂಡಿದ್ದಿಲ್ಲ. ಲಡ್ಡೂಗ ಆಕಿ ದನಿ ಗೊತ್ತಿತ್ತು.”

ಆ ಹೊತ್ತಿಗೇ ಹೇಳಬೇಕಿತ್ತು. “ಆತು ಬಿಡವಾ” ಎಂದೆ. ಅಪರಾಧ ಕ್ಷಮಿಸುವ ಹಿರಿಯನ ಹಾಗೆ ಎಂದೆ! ಅವಳು ನನಗೆ ಚಹಾ ಮಾಡಿಕೊಟ್ಟಳು. ಕುಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಫೆಬ್ರವರಿ 23, ಭಾನುವಾರ

ಹೇಳಿದೆ. ತಿಂಡಿಯಾದ ಮೇಲೆ ಮೂವರನ್ನೂ ಕೂರಿಸಿ, ಆ ನೀಲಿ ನಳಿಗೆಗಳನ್ನು ಮುಂದಿಟ್ಟು, ಈ ಪುಸ್ತಕದ ನಾಲ್ಕು ತಾರೀಖು ಓದಿದೆ. ಬರೆಯದೆ ಬಿಟ್ಟ ನೊರೆಯ ವಿಷಯವನ್ನೂ ಹೇಳಿದೆ. ವಿಶ್ವಜಿತ್ ಫೋನು ನೋಡುತ್ತ ಕೂತ. ನನ್ನ ಮುಖ ನೋಡಲು ಅವನಿಗೇ ನಾಚಿಕೆ. ಮಂದಾಕಿನಿ ಎದ್ದು ಒಳಗೆ ಹೋಗಿ, ಮತ್ತೆ ಬಂದು ಕೂತಳು.

ಹರ್ಷದಾ ಫ್ರಿಜ್ಜಿನ ಮೇಲಿನ ಹಾಳೆಯನ್ನೇ ನೋಡುತ್ತಿದ್ದಳು. “ಎರಡು ಗೀಟು ಹಾಕಿದ್ನಲ್ಲ ಮಾಮಾ” ಎಂದಳು ಮೆಲ್ಲಗೆ.

“ಹಾಕಿದ್ದಿ.”

“ನಿನ್ನೆ ನಾನs ನಿಮಗ ಸಮಾಧಾನ ಮಾಡಿದೆ.”

“ಮಾಡಿದಿ.”

ಇಷ್ಟು ಹೇಳಿ ಅವಳು ಅತ್ತಳು. ಮೀನಿಗಾಗಿ ಅತ್ತಳೋ, ನಾನು ಹೀಗೆ ಎಂದು ಅತ್ತಳೋ, ಕೇಳುವ ಮುಖ ನನಗಿರಲಿಲ್ಲ. ಕಣ್ಣೊರೆಸಿಕೊಂಡು, “ನಮಗ ಹೇಳಿದ್ದಾತು. ಗ್ರೂಪ್‌ನ್ಯಾಗ ಯಾರು ಹೇಳೋರು?” ಎಂದಳು.

ಮಧ್ಯಾಹ್ನವೆಲ್ಲ ಬರೆದು ಅಳಿಸಿದೆ. ‘ತಪ್ಪು ತಿಳಿವಳಿಕೆಯಿಂದ’ ಎಂದು ಬರೆದೆ. ‘ಹೊಸ ಪರೀಕ್ಷೆಯ ಪ್ರಕಾರ’ ಎಂದು ಬರೆದೆ. ಹರ್ಷದಾಗೆ ತೋರಿಸಿದರೆ ಓದಿ ಫೋನು ವಾಪಸ್ ಕೊಡುತ್ತಿದ್ದಳು. ಕೊನೆಗೆ ಹೋದದ್ದು ಇಷ್ಟು: ಮೀನನ್ನು ಕೊಂದದ್ದು ನಾನು, ತಾಮ್ರದ ಕೊಡದ ನೀರು ಹಾಕಿ. ಯಮುನಾಬಾಯಿಯವರ ತಪ್ಪೇನೂ ಇಲ್ಲ. ಅದಕ್ಕೆ ಸಾಕ್ಷಿ ಆವತ್ತೇ ನನ್ನ ಕಣ್ಣ ಮುಂದಿತ್ತು, ಮುಚ್ಚಿಟ್ಟೆ. ಅವರನ್ನು ಬಿಡಿಸಿದವರು ದಯವಿಟ್ಟು ಮತ್ತೆ ಕರೆಯಿರಿ.

ಒಂದು ಹೆಬ್ಬೆರಳೂ ಬರಲಿಲ್ಲ. ಶಿವಪ್ರಕಾಶ ಅವರು ಓದಿದ್ದಾರೆ ಎಂದು ಮಾತ್ರ ತೋರಿಸುತ್ತಿದೆ. ಸಂಜೆ ಲಿಫ್ಟಿನಲ್ಲಿ ಇಬ್ಬರು ಮಾತು ನಿಲ್ಲಿಸಿದರು.

ಫೆಬ್ರವರಿ 24, ಸೋಮವಾರ. ಏಕಾದಶಿ

ಮಂದಾಕಿನಿಯಿಂದ ಯಮುನಾಬಾಯಿಯವರ ಮನೆಯ ಗುರುತು ಕೇಳಿಕೊಂಡು ಪುಪ್ಪಾಲಗೂಡದ ಕೂಲಿಕಾರರ ಬಸ್ತಿಗೆ ಹೋದೆ. ನಾಲ್ಕು ವರ್ಷದಲ್ಲಿ ಅವರ ಮನೆ ಎಲ್ಲಿ ಎಂದು ನಾನು ಕೇಳಿರಲಿಲ್ಲ. ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ. ತಗಡಿನ ಎರಡು ಕೋಣೆ. ಬಾಗಿಲಲ್ಲಿ ಪಕ್ಕದ ಮನೆಯ ಸೂಗಮ್ಮ ಎಂಬಾಕೆ ಒಂದು ಕೂಸಿಗೆ ಅನ್ನ ಉಣಿಸುತ್ತಿದ್ದಳು. ಒಂಬತ್ತು ತಿಂಗಳ ಹೆಣ್ಣು ಕೂಸು, ಯಮುನಾಬಾಯಿಯವರ ಮೊಮ್ಮಗಳು. ಯಮುನಾಬಾಯಿಯವರು ಒಂದು ಮಾರು ದೂರ ಗೋಡೆಗೆ ಒರಗಿ, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

“ಕೂಡ್ರಿ ಯಮುನಾಬಾಯಿ. ನಾ ಹೇಳ್ಲಿಕ್ಕೆ ಬಂದೇನಿ” ಎಂದೆ. ನಿಂತೇ ಹೇಳಿದೆ. “ಆ ಮೀನು ಸತ್ತಿದ್ದು ನನ್ನಿಂದ. ನನ್ನ ತಾಮ್ರದ ಕೊಡದ ನೀರಿನಿಂದ. ನಿಮ್ಮ ಕೈಯಿಂದ ಅಲ್ಲ. ತಪ್ಪಾತು ನಂದು.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಂಗಾರ ನನ್ನ ಕೈಯಾಗ ಏನೂ ಇಲ್ಲೇನ್ರಿ?”

“ಏನೂ ಇಲ್ಲ.”

“ನೀವs ಹೇಳಿದ್ರಲ್ರಿ. ತೊಳಕೊಂಡ್ರೂ ಹೋಗಂಗಿಲ್ಲ, ಚರ್ಮದಾಗ ಕುಂತಿರ್ತೈತಿ, ಸಣ್ಣ ಜೀವಕ್ಕ ಒಂದು ಹನಿ ಸಾಕು ಅಂತ. ನೀವು ಔಷಧದ ಫ್ಯಾಕ್ಟರಿಯವರು. ಮನಿಗೆ ಬಂದು ಕೂಸಿನ್ನ ಮುಟ್ಟಾಕ ಅಂಜಿಕಿ ಬಂತ್ರಿ.”

“ಎರಡು ವಾರ ಆತ್ರಿ” ಎಂದಳು ಸೂಗಮ್ಮ. “ಒಂದು ತುತ್ತು ಇಟ್ಟಿಲ್ಲ ಕೂಸಿನ ಬಾಯಿಗೆ. ಮಗಳು ಸಪ್ನಾ ಆಫೀಸು ಕಸ ಹೊಡ್ಯಾಕ ಹೋಗ್ತಾಳ, ನಾ ಬಂದು ಉಣಸ್ತೀನಿ. ಈಕಿ ದಿನಾ ಬೂದಿ ಹಚ್ಚಿ ಕೈ ತಿಕ್ಕತಾಳ. ನೋಡ್ರಿ ಆ ಕೈ.”

ಯಮುನಾಬಾಯಿಯವರು ಸೆರಗಿನಿಂದ ಕೈ ತೆಗೆದು ಚಾಚಿದರು. ಬೆರಳ ಗೆಣ್ಣುಗಳ ಮೇಲೆ ಚರ್ಮ ಒಡೆದು ಕೆಂಪಾಗಿತ್ತು. ಇದನ್ನು ನಾನು ಒಂದೇ ಮಾತಿನಲ್ಲಿ ಮಾಡಿದ್ದೆ. ಆ ಮಾತು ಆಡಿ, ಎಷ್ಟು ಚೆನ್ನಾಗಿ ವಿವರಿಸಿದೆ ಎಂದು ಇದೇ ಪುಸ್ತಕದಲ್ಲಿ ಬರೆದುಕೊಂಡೆ.

“ನಾ ಅಂದದ್ದು ಸುಳ್ಳು. ಕೈ ತೊಳಕೊಂಡ್ರ ಸಾಬೂನು ಹೋಗ್ತದ. ಕೂಸಿಗೆ ಏನೂ ಆಗಂಗಿಲ್ಲ” ಎಂದೆ.

“ಆವತ್ತೂ ಹಿಂಗs ಗಟ್ಟಿಯಾಗೇ ಹೇಳಿದ್ರಿ.”

ನಳಿಗೆ, ಹನಿ, ಬಣ್ಣ ಯಾವುದನ್ನೂ ಹೇಳುವ ಹಕ್ಕು ನನಗೆ ಉಳಿದಿರಲಿಲ್ಲ. ಅವರು ಮೂಲೆಯ ಕೊಡಪಾನದಿಂದ ನೀರು ಬಗ್ಗಿಸಿ ಕೈ ತೊಳೆದರು. ಸೂಗಮ್ಮನ ಮುಂದಿನ ತಟ್ಟೆ ಎಳೆದುಕೊಂಡು, ಅನ್ನವನ್ನೂ ಬೇಳೆಯನ್ನೂ ಅದೇ ಬೆರಳುಗಳಿಂದ ನುಣ್ಣಗೆ ಕಲಸಿ ಒಂದು ತುತ್ತು ಮಾಡಿದರು. ಕೂಸಿನ ಕಡೆಗೆ ಚಾಚಲಿಲ್ಲ. ನನ್ನ ಕಡೆಗೆ ಚಾಚಿದರು.

“ಮದಲ ನೀವು ತಿನ್ರಿ ಸಾಹೇಬ್ರ. ನೀವು ತಿಂದದ್ದು ನೋಡಿ ಕೂಸಿಗೆ ಕೊಡ್ತೀನಿ.”

ಇಂದು ಏಕಾದಶಿ ಎಂದು ಅವರಿಗೆ ಗೊತ್ತು. ನಾಲ್ಕು ವರ್ಷದಿಂದ ಏಕಾದಶಿಯ ದಿನ ನಮ್ಮ ಅಡುಗೆಮನೆಯಲ್ಲಿ ನನ್ನ ಊಟದ ತಟ್ಟೆ ತೊಳೆಯಲು ಬೀಳದ್ದನ್ನು ಅವರೇ ಕಂಡಿದ್ದಾರೆ. ಬಲಗೈ ಒಡ್ಡಿದೆ. ತುತ್ತು ಬೆಚ್ಚಗಿತ್ತು. ಬಾಯಿಗೆ ಹಾಕಿಕೊಂಡೆ. ಅನ್ನ, ಹೆಸರುಬೇಳೆ, ಚೂರು ಉಪ್ಪು. ಕೂಸಿನ ಊಟ, ಅಗಿಯುವುದೇನೂ ಇರಲಿಲ್ಲ, ಆದರೂ ನುಂಗಲು ಬಹಳ ಹೊತ್ತು ಬೇಕಾಯಿತು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಿದೆ.

ಅವರು ಕೂಡಲೇ ಎರಡನೆಯ ತುತ್ತು ಮಾಡಲಿಲ್ಲ. ನಾನು ನಿಂತೇ ಇದ್ದೆ, ಅವರು ನನ್ನನ್ನು ನೋಡುತ್ತಲೇ ಇದ್ದರು. ಹೊರಗೆ ಯಾರದೋ ಆಟೋ ಬಂದು ತಿರುಗಿಕೊಂಡು ಹೋಯಿತು.

“ಮ್ಯಾಲಿನ ಮನಿಯವರು ಮುಂಜಾನೆ ಫೋನ್ ಮಾಡಿ ಬಾ ಅಂದ್ರು, ಯಾಕಂತ ಹೇಳಿದ್ದಿಲ್ರಿ. ಅವರ ಮನಿಗೆ ಹೋಗ್ತೀನ್ರಿ” ಎಂದರು. “ನಿಮ್ಮ ಮನಿಗೆ ಮಾತ್ರ ಬರಂಗಿಲ್ಲ. ಮಂದಾಕಿನಿ ಬಾಯಾರಿಗೆ ಹೇಳ್ರಿ, ಅವರ ಮ್ಯಾಲ ಸಿಟ್ಟಿಲ್ಲ ಅಂತ.”

“ಹೇಳ್ತೀನ್ರಿ” ಎಂದೆ.

ಆಮೇಲೆ ಅವರು ಕೂಸನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಸಣ್ಣ ತುತ್ತು ಮಾಡಿ ಅದರ ಬಾಯಿಯ ಹತ್ತಿರ ಒಯ್ದರು. ಕೂಸು ಅಜ್ಜಿಯ ಬೆರಳು ನೋಡಿ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.